ಗಾಜಿನ ತೊಟ್ಟಿಯಲ್ಲಿ ಹಟ್ಟಿ ಬದಲಿಸಿದ್ದು

ಎರಡು ಮೀನು ತಂದವಳು ನಾನೇ. ಹರಪನಹಳ್ಳಿಯ ಅಂಗಡಿಯವನು ಒಂದೇ ಸಾಕು ಅಂದಿದ್ದ. ಪಾಚಿ ತಿನ್ನುವ ಮೀನಿಗೆ ಜೊತೆ ಬೇಕಿಲ್ಲ, ಗಾಜಿಗೆ ಬಾಯಿ ಅಂಟಿಸಿಕೊಂಡು ತನ್ನಷ್ಟಕ್ಕೆ ತಾನು ಮೇಯುತ್ತಿರುತ್ತದೆ ಎಂದು ಹೇಳಿ, ಚಿನ್ನದ ಬಣ್ಣದ ಬೆರಳುದ್ದದ ಮೀನೊಂದನ್ನು ನೀರು ತುಂಬಿದ ಚೀಲಕ್ಕೆ ಹಾಕಿದ. ನಾನು ಹಟ ಹಿಡಿದು ಇನ್ನೊಂದನ್ನೂ ಹಾಕಿಸಿದೆ. ಕೋಗಳಿ ಕಡೆಯ ನನ್ನ ತವರಿನಲ್ಲಿ ಕುರಿ ಕಾಯುತ್ತಾರೆ. ಒಂಟಿ ಕುರಿ ಮೇಯುವುದಿಲ್ಲ, ಒದರುತ್ತಾ ನಿಂತಲ್ಲೇ ಸೊರಗುತ್ತದೆ ಎಂಬುದು ನಮಗೆ ನಡೆಯಲು ಬರುವ ಮುಂಚೆಯೇ ತಿಳಿದಿರುತ್ತದೆ. ಒಂಟಿ ಜೀವವನ್ನು ಮನೆಗೆ ತರುವ ಕೆಲಸ ನನ್ನಿಂದ ಆಗುವುದಿಲ್ಲ.

ತೊಟ್ಟಿ ತಂದದ್ದು ಗಂಡ. ಊರು ಬಿಟ್ಟು ಹೊರಟ ಗೆಳೆಯನೊಬ್ಬ ನಾಲ್ಕಾರು ಸಣ್ಣ ಕೆಂಪು ಮೀನುಗಳ ಸಮೇತ ಕೊಟ್ಟನಂತೆ. ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಬಿಸಿಲು ನೇರವಾಗಿ ಬೀಳುವ ಜಾಗವನ್ನೇ ಹುಡುಕಿ ಇಟ್ಟ. ಗಾಜೆಲ್ಲ ಹಸಿರು ಕಟ್ಟಿತು. ಪಾಚಿ ಮೀನು ಬೇಕಾದದ್ದು ಅದಕ್ಕೆ.

ಅತ್ತೆಗೆ ಮೀನಿನ ಮೇಲೆ ಸಿಟ್ಟಿರಲಿಲ್ಲ, ನಾನು ಅವುಗಳನ್ನು ಕುರಿಗೆ ಹೋಲಿಸಿ ಆಡುವ ಮಾತಿನ ಮೇಲೆ ಸಿಟ್ಟು. ಗಂಡನ ಮನೆಯವರು ಕುರಿ ಬಿಟ್ಟು ಬಟ್ಟೆ ಅಂಗಡಿ ಹಿಡಿದು ಒಂದು ತಲೆಮಾರು ಕಳೆದಿದೆ. ಮದುವೆಯಾದ ಹೊಸದರಲ್ಲಿ ಬಂದವರ ಎದುರು ನಾನು ಟಗರಿನ ವಿಷಯ ಏನೋ ಹೇಳಿದ್ದಕ್ಕೆ ಅತ್ತೆ ಅಡುಗೆಮನೆಗೆ ಕರೆದು, ಪೇಟೆಗೆ ಬಂದ ಮೇಲೆ ಪೇಟೆ ಮಾತಾಡು, ಹಟ್ಟಿ ಮಾತು ಹೊಸಿಲ ಹೊರಗಿರಲಿ ಎಂದಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಅಂದು ನುಂಗಿಕೊಂಡೆ. ಸಿಟ್ಟು ಮಾತ್ರ ಹೋಗಲಿಲ್ಲ.

ಮೊದಲ ಕೆಲವು ತಿಂಗಳು ಎರಡೂ ಮೀನು ಅಣ್ಣತಮ್ಮಂದಿರ ಹಾಗೆ ಮೇಯ್ದವು. ಆಮೇಲೆ ಒಂದು ಬಲಿಯಿತು. ತೊಟ್ಟಿಯೊಳಗೆ ಮೂಲೆಯಲ್ಲಿ ಮಗ್ಗುಲಾಗಿ ಬಿದ್ದಿದ್ದ ಪುಟ್ಟ ಕುಡಿಕೆ ತನ್ನದು ಎಂದಿತು. ಮುಂದಿನ ಗಾಜೂ ತನ್ನದು, ಕಲ್ಲುಗಳೂ ತನ್ನವು. ಸಣ್ಣದು ಎಲ್ಲಿ ಬಾಯಿ ಇಟ್ಟರೂ ಬಾಣದ ಹಾಗೆ ಬಂದು ಪಕ್ಕೆಗೆ ಗುದ್ದುತ್ತಿತ್ತು. ತಾನೂ ತಿನ್ನ, ಪರರಿಗೂ ಬಿಡ. ಸಣ್ಣದರ ಬಾಲ ಹರಿಯಿತು, ಪಕ್ಕೆಯ ಮೇಲೆ ಬಿಳಿ ಕಲೆ ಎದ್ದಿತು. ಕೊನೆಗೆ ಅದು ನೀರು ಸೋಸುವ ಯಂತ್ರದ ಹಿಂದಿನ ಸಂದಿಗೆ ಸೇರಿಕೊಂಡು ಹೊರಗೆ ಬರುವುದನ್ನೇ ಬಿಟ್ಟಿತು. ಅದರ ಹೊಟ್ಟೆ ಒಳಗೆ ಅಂಟಿಕೊಂಡದ್ದನ್ನು ನೋಡಿ ನನಗೆ ಅನ್ನ ಸೇರದಾಯಿತು.

ಗಂಡ ಅಂಗಡಿಯವನಿಗೆ ಫೋನ್ ಮಾಡಿದ. ಇವು ದೊಡ್ಡವಾದ ಮೇಲೆ ಹೀಗೇ, ಸಣ್ಣ ತೊಟ್ಟಿಯಲ್ಲಿ ಎರಡು ಬಾಳುವುದಿಲ್ಲ, ಕೊಟ್ಟದ್ದು ವಾಪಸ್ ತಗೊಳ್ಳುವುದಿಲ್ಲ, ಒಂದನ್ನು ಕೆರೆಗೆ ಬಿಟ್ಟುಬಿಡಿ ಎಂದನಂತೆ. ಎಲ್ಲಿಯದೋ ಮೀನನ್ನು ನಮ್ಮ ಕೆರೆಗೆ ಬಿಟ್ಟು ಅಲ್ಲಿಯ ಮೀನುಗಳಿಗೂ ಕಾಟ ಕೊಡಿಸುವುದೇ ಎಂದು ನಾನು ಜಗಳಕ್ಕೆ ನಿಂತೆ. ಗಂಡ ನಕ್ಕು, "ಎರಡು ಜಡಿ ಒಂದ ಮನ್ಯಾಗ ಕೂಡಂಗಿಲ್ಲ ಬಿಡು" ಅಂದ. ಅವನ ಕಣ್ಣು ಮೀನಿನ ಮೇಲಿರಲಿಲ್ಲ. ಒಮ್ಮೆ ನನ್ನ ಮೇಲೆ, ಒಮ್ಮೆ ಅವನ ಅವ್ವನ ಮೇಲೆ.

ಅತ್ತೆ ನಗಲಿಲ್ಲ. ಜೀವವೊಂದು ಕಣ್ಣೆದುರಿಗೆ ಹಸಿದು ಸಾಯುವುದನ್ನು ನೋಡುತ್ತಾ ತಾನು ಪೂಜೆ ಮಾಡಲಾರೆ, ಬರುವ ಸೋಮವಾರದೊಳಗೆ ಜಗಳ ನಿಲ್ಲದಿದ್ದರೆ ಎರಡೂ ಕೆರೆಗೆ, ಕೆಂಪು ಮೀನು ಬೇಕಾದವರಿಗೆ, ತೊಟ್ಟಿ ಅಟ್ಟಕ್ಕೆ ಎಂದರು. ಹೋಗುತ್ತಾ ಹೋಗುತ್ತಾ ಇನ್ನೊಂದು ಮಾತು ಎಸೆದರು.

"ಕುರಿ ಲೆಕ್ಕ ಮೀನಿಗೆ ಹಚ್ಚಿದ್ರ ಹಿಂಗ ಆಗೋದು."

ಆ ಮಾತು ನಾಟಿತು. ಸೋತರೆ ಆ ಸಣ್ಣ ಜೀವ ಹೋಗುತ್ತದೆ, ಅದರ ಜೊತೆಗೆ ನನಗೆ ಬರುವ ಒಂದೇ ವಿದ್ಯೆ ಈ ಮನೆಯಲ್ಲಿ ಶಾಶ್ವತವಾಗಿ ನಗೆಪಾಟಲಾಗುತ್ತದೆ. ತಾಯಿ ಸತ್ತ ಮರಿಗಳಿಗೆ ಬೇರೆ ಕುರಿಯ ಮೊಲೆ ಹಿಡಿಸಿ ಬದುಕಿಸಿದವಳು ನಾನು. ಒಂದು ಬೆರಳುದ್ದದ ಮೀನಿಗೆ ಸೋಲುವುದೇ?

ಮೊದಲು ಈರುಳ್ಳಿ ಚೀಲದ ಬಲೆ ಕತ್ತರಿಸಿ ತೊಟ್ಟಿಯ ನಡುವೆ ಕಟ್ಟಿದೆ. ಕುರಿಗಳಿಗಾದರೆ ಅಷ್ಟು ಸಾಕು. ದೊಡ್ಡದು ತಳದ ಮರಳಲ್ಲಿ ನುಸುಳಿ ಆಚೆ ಬಂದು, ಏನೂ ಆಗದವರ ಹಾಗೆ ಗುದ್ದಿತು. ಆಮೇಲೆ ನನ್ನದೇ ಒಂದು ತಪ್ಪು ಹೊಳೆಯಿತು. ದಿನವೂ ಬೆಳಿಗ್ಗೆ ತಿಕ್ಕಿ ತಿಕ್ಕಿ ಗಾಜು ಫಳಫಳ ಮಾಡುತ್ತಿದ್ದೆನಲ್ಲ, ಅವು ಮೇಯುವುದಾದರೂ ಏನನ್ನು? ಮೇವಿಲ್ಲದ ಬೀಳಿನಲ್ಲಿ ಕುರಿಯೂ ಹಾಯುತ್ತದೆ. ತಿಕ್ಕುವುದನ್ನು ನಿಲ್ಲಿಸಿದೆ. ಹೀರೇಕಾಯಿ ಹೋಳುಗಳನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಆರಿಸಿ, ಕಲ್ಲಿಗೆ ಕಟ್ಟಿ ತೊಟ್ಟಿಯ ಎರಡು ಕಡೆ ಇಳಿಬಿಟ್ಟೆ. ದೊಡ್ಡದು ಒಂದನ್ನು ತಿನ್ನುತ್ತಾ ಇನ್ನೊಂದನ್ನು ಕಾಯಿತು. ಸಣ್ಣದಕ್ಕೆ ಆಗೊಮ್ಮೆ ಈಗೊಮ್ಮೆ ಒಂದು ಬಾಯಿ ಸಿಕ್ಕಿತು. ಉಸಿರು ಉಳಿಯಲು ಸಾಕು, ಬಾಳಲು ಸಾಲದು.

ಶನಿವಾರ ರೊಟ್ಟಿ ಬಡಿಯುತ್ತಿದ್ದಾಗ ಅಪ್ಪ ಹೊಸ ಟಗರು ತರುತ್ತಿದ್ದ ರೀತಿ ನೆನಪಾಯಿತು. ಹಳೆಯ ಟಗರು ಇರುವ ಹಟ್ಟಿಗೆ ಹೊಸದನ್ನು ಸುಮ್ಮನೆ ನುಗ್ಗಿಸುತ್ತಿರಲಿಲ್ಲ. ಒಬ್ಬ ರೈತನ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿ, ಅಲ್ಲಿಂದ ಹಟ್ಟಿಯ ಬಲೆ ಗೂಟ ಕಿತ್ತು ಇನ್ನೊಬ್ಬನ ಹೊಲಕ್ಕೆ ಹೋಗುವ ದಿನ ಬರಲಿ ಎಂದು ಕಾಯುತ್ತಿದ್ದ. ಹೊಸ ನೆಲದಲ್ಲಿ ಹಟ್ಟಿ ಎದ್ದ ದಿನವೇ ಹೊಸ ಟಗರನ್ನು ಬಿಡುತ್ತಿದ್ದ. ಹಳೆಯದಕ್ಕೂ ಅದು ಗುರುತಿಲ್ಲದ ನೆಲ. ಇದು ನನ್ನ ಜಾಗ ಎಂದು ಕಾದಾಡಲು ಅಲ್ಲಿ ಅದಕ್ಕೆ ಜಾಗವೇ ಇರುತ್ತಿರಲಿಲ್ಲ. ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಓಡಿದೆ.

ಕೈ ತೊಳೆದು ಕಲ್ಲು, ಕುಡಿಕೆ, ಹಂಚಿನ ಚೂರು ಎಲ್ಲ ಹೊರಗೆ ತೆಗೆದೆ. ತೊಳೆದೆ. ಮತ್ತೆ ಒಳಗೆ ಇಟ್ಟೆ. ದೊಡ್ಡದು ಸ್ವಲ್ಪ ಹೊತ್ತು ಗಲಿಬಿಲಿಗೊಂಡು, ಆಮೇಲೆ ನೆಟ್ಟಗೆ ತನ್ನ ಕುಡಿಕೆಗೆ ಹೋಗಿ ಕುಳಿತು, ಎದ್ದು ಬಂದು ಸಣ್ಣದಕ್ಕೆ ಗುದ್ದಿತು. ನನಗೆ ಅಳು ಬಂತು. ಅಪ್ಪನ ವಿದ್ಯೆಯೂ ಕೈಕೊಟ್ಟಿತೆಂದು ತೊಟ್ಟಿಯ ಮುಂದೆ ಕುಕ್ಕರಿಸಿದೆ.

ಅತ್ತೆ ಬಾಗಿಲ ಹತ್ತಿರ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಟ್ಟ ಸದ್ದಾಯಿತು.

"ಹಟ್ಟಿ ಕಿತ್ತು ಮತ್ತ ಹಳೇ ತೆಗ್ಗಿಗೇ ಗೂಟ ಹೊಡಿತೀಯಲ್ಲಬೇ. ಕುಡಿಕಿ ಇದ್ದಲ್ಲೇ ಇಟ್ರ ಅದು ತನ್ನ ಮನಿಗೆ ತಾನು ಬರಂಗಿಲ್ಲೇನು?"

ನಾನು ತಿರುಗಿ ನೋಡಿದೆ. ನಿಜ, ಮನೆವಾರ್ತೆಯ ಕೈ ರೂಢಿಯಂತೆ ಪ್ರತಿಯೊಂದನ್ನೂ ಇದ್ದಲ್ಲೇ ಇಟ್ಟಿತ್ತು. ಆದರೆ ನಾನು ನೋಡುತ್ತಿದ್ದದ್ದು ಅದನ್ನಲ್ಲ. ಹಟ್ಟಿ ಎಂಬ ಮಾತು ಅತ್ತೆಯ ಬಾಯಲ್ಲಿ ಬಂದಿತ್ತು. ಅವರಿಗೂ ಅದು ಗೊತ್ತಾಯಿತು. ಆಮೇಲೆ ಅವರು ಸೆರಗು ಸಿಕ್ಕಿಸಿಕೊಂಡು ನನ್ನ ಪಕ್ಕ ಬಂದು ಕುಳಿತು, ಬಳೆ ಮೇಲಕ್ಕೆ ಸರಿಸಿ, ಮೊಣಕೈವರೆಗೆ ತೊಟ್ಟಿಗೆ ಕೈ ಹಾಕಿದರು.

ಕೈ ಕೆಲಸ ಮಾಡುತ್ತಿದ್ದ ಹಾಗೆ ಬಾಯಿಯೂ ಬಿಚ್ಚಿತು. ಅತ್ತೆ ಹುಟ್ಟಿದ್ದು ಕೂಡ್ಲಿಗಿ ಕಡೆಯ ಹಟ್ಟಿಯಲ್ಲಂತೆ. ಮದುವೆಯ ಹಿಂದಿನ ದಿನದವರೆಗೂ ಕುರಿಗಳ ನಡುವೆ ಮಲಗಿದವರಂತೆ. ಈ ಮನೆಗೆ ಬಂದಾಗ ಅವರ ಅತ್ತೆ, ನನಗೆ ಇವರು ಹೇಳಿದ ಮಾತನ್ನೇ ಇವರಿಗೂ ಹೇಳಿದ್ದರಂತೆ. ಎಷ್ಟು ವರ್ಷ ನುಂಗಿಕೊಂಡಿದ್ದರೋ, ಅಂದು ಒಂದೇ ಸಮನೆ ಹೇಳಿದರು. ಎಲ್ಲ ಕೇಳಿದ ಮೇಲೆ ನನ್ನ ಹಳೆಯ ಸಿಟ್ಟಿಗೆ ನಿಲ್ಲಲು ನೆಲವೇ ಸಿಗಲಿಲ್ಲ.

ಮೊದಲು ದೊಡ್ಡದನ್ನು ಹಿಡಿದು ತೊಟ್ಟಿಯದೇ ನೀರು ತುಂಬಿದ ಬಕೆಟ್ಟಿಗೆ ಹಾಕಿ, ಹಾರಿ ಬೀಳದಂತೆ ಮೇಲೆ ಜರಡಿ ಮುಚ್ಚಿದೆವು. ಮೆತ್ತನೆಯದು ಮೊದಲು ನೆಲೆ ಹಿಡಿಯಬೇಕು, ಸೊಕ್ಕಿನದು ಆಮೇಲೆ ಬರಬೇಕು ಎಂದರು ಅತ್ತೆ. ಕುಡಿಕೆ ಈ ಮೂಲೆಯಿಂದ ಆ ಮೂಲೆಗೆ ಹೋಯಿತು. ಇನ್ನೊಂದು ಮೂಲೆಗೆ ಬಾಯಿ ಒಡೆದ ಬೇರೊಂದು ಕುಡಿಕೆ ಬಂತು. ಮುಖಕ್ಕೆ ಮುಖ ಕಾಣಬಾರದೆಂದು ನಡುವೆ ಹಂಚಿನ ಚೂರುಗಳನ್ನು ಗೋಡೆಯ ಹಾಗೆ ನಿಲ್ಲಿಸಿದೆವು. ಈ ಹಟ್ಟಿಯ ಗೂಟ ಎಲ್ಲಿ ಎಂಬುದಕ್ಕೆ ನಮ್ಮಿಬ್ಬರಲ್ಲೇ ಸಣ್ಣ ವಾಗ್ವಾದವೂ ಆಯಿತು. ಗೆದ್ದವರು ಅವರೇ.

ದೊಡ್ಡದನ್ನು ಮರುದಿನ ಮಧ್ಯಾಹ್ನ ಬಿಟ್ಟೆವು. ಅದು ಹಳೆಯ ಮೂಲೆಗೆ ಹೋಯಿತು, ಅಲ್ಲಿ ಬರೀ ಮರಳು. ಮುಂದಿನ ಗಾಜಿಗೆ ಬಂತು, ಅಲ್ಲಿ ಸಣ್ಣದು ಆಗಲೇ ಬಾಯಿ ಅಂಟಿಸಿತ್ತು. ಗುದ್ದಲು ಬಂತು. ಸಣ್ಣದು ಕದಲಲಿಲ್ಲ. ಹರಿದ ಬಾಲವನ್ನೇ ಬಿಚ್ಚಿ ಹಿಡಿದು ಅಡ್ಡ ತಿರುಗಿ ನಿಂತಿತು. ದೊಡ್ಡದು ಅದರ ಸುತ್ತ ಒಂದು ಸುತ್ತು ಹಾಕಿ, ಹಂಚಿನ ಆಚೆ ಹೋಗಿ ಹೊಸ ಕುಡಿಕೆಯ ಮೇಲಿನ ಪಾಚಿ ಕೆರೆಯತೊಡಗಿತು. ಅತ್ತೆ ನನ್ನ ರಟ್ಟೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಬೆರಳಿನ ಗುರುತು ಮೂಡಿತ್ತು. ನನಗೆ ಗೆದ್ದೆವೆಂಬ ಖುಷಿ ನೆತ್ತಿಗೇರಿತು. ಸೋಮವಾರ ಅವರು ಪೂಜೆ ಮಾಡಿದರು, ಎರಡು ಮೀನೂ ಹೀರೇಕಾಯಿ ತಿಂದವು.

ಪವಾಡವೇನೂ ಅಲ್ಲ. ಈಗಲೂ ಆಗೊಮ್ಮೆ ದೊಡ್ಡದಕ್ಕೆ ಮದ ಏರುತ್ತದೆ, ಆಗೊಮ್ಮೆ ನಾವು ಕಲ್ಲು ಕುಡಿಕೆ ಸ್ಥಳ ಬದಲಿಸುತ್ತೇವೆ. ಇನ್ನೂ ದೊಡ್ಡ ತೊಟ್ಟಿ ಬೇಕೆಂದು ಗಂಡನ ಬೆನ್ನು ಹತ್ತಿದ್ದೇವೆ, ಇಬ್ಬರೂ ಸೇರಿ. ಜಡೆಯ ಮಾತು ಅವನು ಮತ್ತೆ ಎತ್ತಿಲ್ಲ. ಸಣ್ಣದರ ಹೊಟ್ಟೆ ತುಂಬಿಕೊಂಡಿದೆ, ಬಾಲ ಚಿಗುರಿದೆ.

ಮೊನ್ನೆ ಬಜಾರಿನ ದೊಡ್ಡ ಮನೆಯ ಹೆಣ್ಣುಮಗಳೊಬ್ಬರು ಸೀರೆಯ ಬಣ್ಣ ಆರಿಸಲು ಮನೆಗೇ ಬಂದಿದ್ದರು. ತೊಟ್ಟಿಯ ಮುಂದೆ ನಿಂತು, ತಮ್ಮ ಮನೆಯಲ್ಲಿ ಇಂಥವೇ ಎರಡಿದ್ದು ಒಂದು ಇನ್ನೊಂದನ್ನು ಕೊಂದೇ ಹಾಕಿತೆಂದೂ ಇಲ್ಲಿ ಹೇಗೆ ಬಾಳುತ್ತಿವೆ ಎಂದೂ ಕೇಳಿದರು. ನಾನು ಒಳಗೆ ಚಹಾಕ್ಕೆ ನೀರಿಟ್ಟಿದ್ದೆ. ಅತ್ತೆಯ ದನಿ ಕೇಳಿಸಿತು.

"ಕುರಿ ಕಾದ ಮಂದಿ ಅದೀವ್ರಿ ನಾವು. ನಮ್ಮ ಸೊಸಿನ್ನ ಕರೀತೀನಿ ತಡೀರಿ, ನೀರಾಗ ಹಟ್ಟಿ ಹೆಂಗ ಹಾಕ್ಯಾಳ ಅಂತ ಆಕಿ ಬಾಯಿಲೇ ಕೇಳ್ರಿ."

ನಾನು ಸ್ಟವ್ ಸಣ್ಣ ಮಾಡಿ, ಕೈ ಒರೆಸಿಕೊಂಡು ಪಡಸಾಲೆಗೆ ಬಂದೆ. ಟಗರಿನಿಂದಲೇ ಶುರು ಮಾಡಿದೆ.