ಚಂಬಿನ ಜೀವಗಳು

ಬಬಲೇಶ್ವರದ ಜೈನರ ಮನೆಯ ಜಿನ್ನವ್ವ ಸೋಸದ ನೀರು ಕುಡಿದವಳಲ್ಲ. ಸೋಸಿದ ಮೇಲೆ ಅರಿವೆಯನ್ನು ತಿರುವಿ ತೊಳೆದು, ಆ ನೀರನ್ನು ಚಂಬಿನಲ್ಲಿ ಹಿಡಿದು, ಮಾವ ತೋಡಿಸಿದ ಬಾವಿಯ ಮೆಟ್ಟಿಲಿಳಿಯುವಳು. ಅರಿವೆಯಲ್ಲಿ ಉಳಿದಿದ್ದ, ಕಣ್ಣಿಗೆ ಕಾಣದ ಜೀವಗಳಿಗೆ ಪೆಟ್ಟಾಗದಂತೆ ಚಂಬನ್ನು ನೀರಿಗೆ ತಾಗಿಸಿ ಓರೆ ಮಾಡುವಳು. ಮಕ್ಕಳಿಲ್ಲದ ವಿಧವೆಗೆ ಇದ್ದ ಸಂಸಾರ ಅದೇ.

ಅದೇ ಬಾವಿಯ ನೀರು ಕುಡಿಯುವ ನೆರೆಹೊಲದ ದಾವಲಬಿ ನಗುತ್ತಿದ್ದಳು. "ಮಕ್ಕಳನ್ನ ಮನಿ ಮುಟ್ಟಿಸಿ ಬಂದಿ ಏನಕ್ಕಾ?"

"ನೀನೂ ಸೋಸಿ ಕುಡಿ ಬೇ."

"ಬಾಯಾರಿದಾಗ ಅರಿವಿ ಹುಡಕ್ಕೋತ ಕುಂದರ್ಲೇನು?"

೧೯೪೬ರ ಬೇಸಿಗೆಯಲ್ಲಿ ದಾವಲಬಿಯ ಕಾಲಿನಿಂದ ದಾರದಂಥ ನಾರುಹುಳ ಹೊರಬಂತು. ಅದನ್ನು ದಿನಕ್ಕಿಷ್ಟು ಎಳೆದು ಕಡ್ಡಿಗೆ ಸುತ್ತುತ್ತಿರುವಾಗ ನಡುವೆಯೇ ಹರಿದುಹೋಯಿತು. ಕಾಲು ಕೀವುಗಟ್ಟಿ ಬಾತಿತು.

ವಿಜಾಪುರದಿಂದ ಬಂದ ಆರೋಗ್ಯ ಖಾತೆಯ ಶಿವಯೋಗೆಪ್ಪ, ನಾರುಹುಳ ಹರಡದಂತೆ ಬಾವಿಗೆ ಮೀನು ಬಿಡಬೇಕೆಂದ. ಜಿನ್ನವ್ವ ಒಪ್ಪಲಿಲ್ಲ. ಅವನು ಸೂಕ್ಷ್ಮದರ್ಶಕವನ್ನು ಕಟ್ಟೆಯ ಮೇಲಿಟ್ಟು, ಅವಳ ಚಂಬಿನದೇ ಒಂದು ಹನಿಯನ್ನು ತೋರಿಸಿದ.

ಮರಳಿನ ಕಣ ಅಂಟಿಸಿ ಮನೆ ಕಟ್ಟಿಕೊಂಡ ಜೀವವೊಂದು, ಬಾಗಿಲಿನಿಂದ ಬೆರಳಿನಂಥದ್ದನ್ನು ಚಾಚಿ ಪಾಚಿಯ ಎಳೆ ಹಿಡಿದು, ತೂತು ಮಾಡಿ ಒಳಗಿನ ಹಸಿರು ಹೀರುತ್ತಿತ್ತು.

"ಉಣ್ಣಾಕತ್ತೈತಿ," ಎಂದಳು, ಹೆತ್ತವಳಂತೆ.

ಅಷ್ಟರಲ್ಲಿ ಒಂಟಿಗಣ್ಣಿನ ಇನ್ನೊಂದು ಜೀವ ಜಿಗಿದು ಬಂದು ಅದನ್ನು ಮನೆಸಮೇತ ಹಿಡಿಯಿತು.

"ಹುಳದ ಮರಿ ಹೊತ್ತುಕೊಂಡು ದಾವಲಬಿ ಹೊಟ್ಟಿಗಿ ಹೋಗಿದ್ದು ಇಂಥಾದ ನೋಡ್ರಿ ಅವ್ವಾರ. ಮೀನ ಇದನ್ನ ತಿಂತಾವ."

"ಮನಿ ಕಟ್ಟಿಕೊಂಡದ್ದನ್ನ ಬಿಡ್ತಾವೇನು?"

ಶಿವಯೋಗೆಪ್ಪ ಸುಳ್ಳು ಹೇಳಲಿಲ್ಲ. "ಮೀನಿನ ಮರಿ ಅದನ್ನೂ ತಿಂತಾವ್ರಿ."

ಸಂಜೆ ಜಿನ್ನವ್ವ ದಾವಲಬಿಯ ಹಾಸಿಗೆಯ ಬಳಿ ಕೂತಳು. ಜ್ವರದಲ್ಲಿ ಬೆಂದ ಕೈ ಅವಳ ಕೈ ಹುಡುಕಿತು.

"ಅಕ್ಕಾ, ನಿನ್ನ ಮಕ್ಕಳ ಮ್ಯಾಲ ನನಗ ಸಿಟ್ಟಿಲ್ಲ ಬಿಡು."

ಜಿನ್ನವ್ವ ಹೊರಗೆ ಬಂದವಳೇ, ಮೀನು ಬಿಡಿರೆಂದು ಶಿವಯೋಗೆಪ್ಪನಿಗೆ ಹೇಳಿಕಳಿಸಿದಳು. ಮೀನು ಬರುವ ಮೊದಲೇ ದಾವಲಬಿ ತೀರಿಕೊಂಡಳು.

ಎರಡು ವರ್ಷದ ನಂತರದ ಬೇಸಿಗೆಯಲ್ಲಿ ಆ ಬಾವಿಯ ನೀರು ಕುಡಿದವರಾರಿಗೂ ನಾರುಹುಳ ಕಾಣಿಸಲಿಲ್ಲ. ಜಿನ್ನವ್ವ ಸೋಸುವುದನ್ನು ಬಿಡಲಿಲ್ಲ, ಮೆಟ್ಟಿಲಿಳಿಯುವುದನ್ನೂ ಬಿಡಲಿಲ್ಲ. ಆ ಜೀವಗಳನ್ನು ಒಣನೆಲಕ್ಕೆ ಚೆಲ್ಲುವುದಾದರೂ ಹೇಗೆ? ಅವಳ ನೆರಳು ನೀರಿಗೆ ಬಿದ್ದರೆ ಸಾಕು, ಮೀನುಗಳು ಬಂದು ಬಾಯಿ ತೆರೆದು ನಿಲ್ಲುತ್ತಿದ್ದವು. ಅವು ಸರಿದು ಹೋಗಲೆಂದು ಅವಳು ಚಂಬನ್ನು ಎದೆಗವಚಿಕೊಂಡು ಕೊನೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅವು ಸರಿಯುತ್ತಿರಲಿಲ್ಲ.