ಕೋಟೆಗೆ ಸುರಿದ ಗಿಣ್ಣುಹಾಲು

ಮೇಯೋ ಸೀಮೆಯಲ್ಲಿ ಜೆಸಿಬಿ ಓಡಿಸುತ್ತಿದ್ದ ಫೆಸ್ಟಸ್ ರುವಾನ್‌ಗೆ ಹೆದರಿಕೆಯೇ ಗೊತ್ತಿಲ್ಲ ಎಂದು ಊರು ಹೇಳುತ್ತಿತ್ತು. ಅರ್ಧ ಸುಳ್ಳು. ರೈತ ಗಿಲ್ವಾರಿಯ ಹುಲ್ಲುಗಾವಲಿನ ನಡುವೆ ಮುಳ್ಳುಮರ ಮುಸುಕಿದ, ದುಂಡನೆಯ ದಿಬ್ಬದಂಥ ಆ ಹಳೆಗಾಲದ ಮಣ್ಣಿನ ಕೋಟೆ ಕಂಡರೆ ಅವನ ಬೆನ್ನೂ ಚಳಿಗಟ್ಟುತ್ತಿತ್ತು. ಒಳಗಿಂದ ಒಮ್ಮೊಮ್ಮೆ ಎಳೆಗೂಸಿನ ಅಳು ಕೇಳುತ್ತಿತ್ತು. ನರಿ ಇರಬೇಕು ಎನ್ನುವವರಿದ್ದರು. ನರಿ ಹಾಲಿಗಾಗಿ ಅಳುವುದಿಲ್ಲ.

ಹಸು ಈದಾಗಲೆಲ್ಲ ಅವನ ತಾಯಿ ಡೀಲಿಯಾ ಮೊದಲ ಗಿಣ್ಣುಹಾಲನ್ನು ಅಲ್ಲಿ ಸುರಿದು ಬರುತ್ತಿದ್ದಳು. ಅದು ‘ಒಳ್ಳೆಯವರ’ ಪಾಲು ಎಂದು ಊರು ತಿಳಿದಿತ್ತು. ನೆಲದಡಿಯ ಆ ಮಾಯದ ಜನರ ನಿಜವಾದ ಹೆಸರೆತ್ತುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಕೋಟೆ ಸರ್ಕಾರದ ರಕ್ಷಿತ ಸ್ಮಾರಕ, ಮುಟ್ಟಿದರೆ ಕೋರ್ಟು ಕಚೇರಿ. ಆದರೂ ಗಿಲ್ವಾರಿಗೆ ಹೊಲ ಸಮತಟ್ಟಾಗಬೇಕಿತ್ತು.

“ಮಂಜಿರೋವಾಗ ಬಂದು ತಳ್ಳಿಬಿಡು. ಕೇಳಿದ್ರೆ ದನ ತುಳಿದು ಕುಸೀತು ಅಂತೀನಿ. ಯಾಕೆ, ಕಾಣದ ಜನಕ್ಕೆ ಹೆದರ್ತೀಯಾ?”

ಆ ಚುಚ್ಚುಮಾತಿಗೆ ಫೆಸ್ಟಸ್ ಒಪ್ಪಿಬಿಟ್ಟ.

ಬೆಳಗಿನ ಮಂಜಿನಲ್ಲಿ ಜೆಸಿಬಿಯ ಬಕೆಟ್ ದಿಬ್ಬವನ್ನು ಒಂದು ಸಲ ಕಚ್ಚಿತಷ್ಟೇ, ಅಳು ಶುರುವಾಯಿತು. ಎಂಜಿನ್ ಆರಿಸಿದ. ಅಳು ನಿಲ್ಲಲಿಲ್ಲ. ಇಳಿದು ಒಳಗೆ ನಡೆದ. ಮುಳ್ಳುಮರದ ಬುಡದಲ್ಲಿ ಸಾಲಾಗಿ ಬಿಳಿ ಕಲ್ಲುಗಳು. ಅವುಗಳ ನಡುವೆ, ರಾತ್ರಿ ಈದ ಹಸುವಿನ ಗಿಣ್ಣುಹಾಲಿನ ಕ್ಯಾನು ಹಿಡಿದ ತಾಯಿ.

“ಅವ್ವಾ, ಈಚೆ ಬಾ. ಆ ಸದ್ದು ಕೇಳಿಸ್ತಿಲ್ವಾ?”

“ನೀ ಹುಟ್ಟೋಕೆ ಮುಂಚಿನಿಂದ ಕೇಳ್ತಿದೀನಿ ಕಣೋ.” ಅವಳು ಒಂದು ಕಲ್ಲಿನ ಮೇಲೆ ಹಾಲು ಸುರಿದಳು. “ನಿನ್ನ ಅಕ್ಕ. ಜ್ಞಾನಸ್ನಾನ ಆಗೋಕೆ ಮುಂಚೆನೇ ಹೋದ್ಳು. ಚರ್ಚಿನ ನೆಲದಲ್ಲಿ ಪಾದ್ರಿ ಜಾಗ ಕೊಡ್ಲಿಲ್ಲ. ಅಂಥ ಬೇರೆ ಕೂಸುಗಳ ಪಕ್ಕ ನಿಮ್ಮಪ್ಪ ಇಲ್ಲಿ ತಂದು ಮಲಗಿಸ್ದ. ಎದೇಲಿ ಹಾಲಿತ್ತು, ಕುಡಿಯೋಕೆ ಅವಳಿರ್ಲಿಲ್ಲ.”

“ಊರೋರು ಒಳ್ಳೆಯವರಿಗೆ ಅಂತಾರಲ್ಲ?”

“ಅಂದ್ಕೊಳ್ಳಲಿ ಬಿಡು. ಹೆದರಿಕೆ ಇರೋತನಕ ಯಾರೂ ಅಗೆಯಲ್ಲ. ಸರ್ಕಾರದ ಬೋರ್ಡಿಗಿಂತ ಅದೇ ಗಟ್ಟಿ ಬೇಲಿ. ನನ್ನ ಹೊಟ್ಟೇಲಿ ಹುಟ್ಟಿದ ನೀನೇ ಅದನ್ನ ಮುರಿಯೋಕೆ ಬಂದ್ಯಲ್ಲ.”

ಫೆಸ್ಟಸ್‌ಗೆ ನಾಚಿಕೆಯಿಂದ ಅಳು ಬಂತು. ಕಿತ್ತ ಮಣ್ಣನ್ನು ಬರಿಗೈಯಲ್ಲಿ ತುಂಬಿದ. ಗಿಲ್ವಾರಿಯ ಮುಂದೆ ನಿಂತು, “ಹೂಂ, ಹೆದರ್ತೀನಿ. ನೀನೂ ಹೆದರು,” ಎಂದ. ಬಕೆಟ್ಟನ್ನು ಯಾರೋ ಕೆಳಗಿನಿಂದ ಹಿಡಿದೆಳೆದರು ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದ. ಜನ ಅವನನ್ನು ಪುಕ್ಕಲ ಎಂದು ನಕ್ಕರು, ಆದರೆ ಆ ಕಡೆ ಸುಳಿಯಲಿಲ್ಲ.

ಡೀಲಿಯಾ ತೀರಿಕೊಂಡ ಮೇಲೆ ಹಸು ಈದಾಗ ಗಿಣ್ಣುಹಾಲು ಒಯ್ದವನು ಅವನೇ. ಅಳು ಕೇಳುತ್ತಿತ್ತು. ಹಾಲು ಸುರಿದ. ಅಳು ನಿಲ್ಲಲಿಲ್ಲ.

“ಅಕ್ಕಾ, ಅವ್ವ ಇನ್ಮೇಲೆ ಬರಲ್ಲ,” ಎಂದ. “ನಾನು ಬರ್ತೀನಿ.”

ಆಗ ನಿಂತಿತು.