ಚೀಲದಿಂದ ತೆಗೆದಿಟ್ಟ ಮಾತ್ರೆ

ಔಷಧಿ ಅಂಗಡಿಯವರಿಗೆಲ್ಲ ಶಿವಮೊಗ್ಗದಲ್ಲಿ ಎರಡು ದಿನದ ತರಬೇತಿ ಎಂಬ ಪತ್ರ ಬಂದಾಗ ನನಗೆ ಮೊದಲು ಹುಟ್ಟಿದ್ದು ಅನುಮಾನ. ಭದ್ರಾವತಿಯಲ್ಲಿ ಇಪ್ಪತ್ತು ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿರುವವಳಿಗೆ ಇವರೇನು ಕಲಿಸುತ್ತಾರೆ? ಊಟ ಬೇರೆ ಪುಕ್ಕಟೆಯಂತೆ. ಸುಮ್ಮಸುಮ್ಮನೆ ಯಾರು ಊಟ ಹಾಕುತ್ತಾರೆ?

ಪಾಠ ಮಾಡಿದವಳು ನನ್ನ ಮಗಳ ವಯಸ್ಸಿನ ಹುಡುಗಿ. ಫಾರ್ಮಸಿಯನ್ನೇ ಆರು ವರ್ಷ ಓದಿದ್ದಾಳಂತೆ. ಮೊದಲ ದಿನ ಸಂಜೆ ನಮಗೆಲ್ಲ ಹೋಂವರ್ಕ್ ಕೊಟ್ಟಳು.

"ನಿಮ್ಮವರು ಯಾರಾದ್ರೂ ಒಬ್ಬರು ತಗೊಳ್ಳೋ ಮಾತ್ರೆ ಎಲ್ಲಾನೂ ಚೀಲದಲ್ಲಿ ಹಾಕ್ಕೊಂಡು ಬನ್ನಿ. ಒಟ್ಟಿಗೆ ಕೂತು ನೋಡೋಣ."

ನನಗೆ ಖಾತ್ರಿಯಾಯಿತು. ಇದು ಪಾಠವಲ್ಲ, ತಪಾಸಣೆ. ಡಾಕ್ಟರ ಚೀಟಿ ಇಲ್ಲದೆ ಯಾರು ಏನೇನು ಕೊಡುತ್ತಾರೆ ಎಂಬುದನ್ನು ನಮ್ಮ ಕೈಯಿಂದಲೇ ಹೊರಗೆ ತೆಗೆಸುವ ಉಪಾಯ.

ಬೆಳಿಗ್ಗೆ ಕಾಗದನಗರದ ಅಕ್ಕನ ಮನೆಗೆ ಹೋಗಿ, ಸಂಜೆ ವಾಪಸ್ ಕೊಡುತ್ತೇನೆಂದು ಅವಳ ಮಾತ್ರೆ ಡಬ್ಬಿಯನ್ನೇ ಚೀಲಕ್ಕೆ ಸುರಿದುಕೊಂಡೆ. ಈಚೆಗೆ ಅವಳು ಬಿಪಿಗೆ ಶಿವಮೊಗ್ಗದ ಹೊಸ ಡಾಕ್ಟರಿಗೆ ತೋರಿಸಿ, ಮಾತ್ರೆಯನ್ನೂ ಅಲ್ಲೇ ಕೊಳ್ಳುತ್ತಿದ್ದಳು.

"ಎದ್ದರೆ ತಲೆ ಗಿರ್ರಂತ ತಿರುಗುತ್ತೆ ಮಾರಾಯ್ತಿ. ನಿನ್ನೆ ಬಚ್ಚಲಲ್ಲಿ ಬಿದ್ದೇ ಬಿಡ್ತಿದ್ದೆ" ಎಂದಳು. ತಲೆಸುತ್ತಿಗೆಂದು ನಾನೇ ಮಾತ್ರೆ ಕೊಡಲು ಶುರುಮಾಡಿ ತಿಂಗಳಾಗಿತ್ತು.

ಬಸ್ಸಿನಲ್ಲಿ ಕೂತು, ನಾನು ಕೊಟ್ಟದ್ದನ್ನೆಲ್ಲ ಹೆಕ್ಕಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಒಂದು ತಲೆಸುತ್ತಿನದು, ಇನ್ನೊಂದು ಯಾವುದೋ ಕಾಲದ ಚೀಟಿ ನೆನಪಿಟ್ಟುಕೊಂಡು ಕೊಡುತ್ತಲೇ ಬಂದಿದ್ದ ಬಿಪಿಯದು. ಯಾವುದು ಯಾರ ಅಂಗಡಿಯದು ಎಂದು ನೋಡಿದೆನೇ ಹೊರತು ಒಳಗೆ ಏನಿದೆ ಎಂದು ನೋಡಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಹುಡುಗಿ ನನ್ನ ಪಕ್ಕ ಕೂತು, ಚೀಲದಲ್ಲಿದ್ದ ಒಂದೊಂದೇ ಸ್ಟ್ರಿಪ್ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ನನ್ನಿಂದ ಓದಿಸಿದಳು.

"ಇವರಿಗೆ ಈಗ ಏನಾದ್ರೂ ತೊಂದರೆ ಇದೆಯಾ ಮೇಡಂ?"

"ತಲೆಸುತ್ತು."

"ಬಿಪಿ ಮಾತ್ರೆ ಇದೊಂದೇನಾ?"

"ಒಂದೇ" ಎಂದೆ. ಹೇಳುವಾಗಲೇ ಆ ಸಣ್ಣ ಅಕ್ಷರಗಳ ಮೇಲೆ ಕಣ್ಣು ನಿಂತಿತು. ಕಂಪನಿ ಬೇರೆ, ಹೆಸರು ಬೇರೆ, ಬಣ್ಣ ಬೇರೆ. ಒಳಗಿನ ಔಷಧಿ ಮಾತ್ರ ನನ್ನ ಬ್ಯಾಗಿನಲ್ಲಿದ್ದದ್ದೇ. ಅಕ್ಕ ದಿನಾ ಎರಡನ್ನೂ ನುಂಗುತ್ತಿದ್ದಳು. ಬಿಪಿ ತೀರಾ ಇಳಿದು ತಲೆ ತಿರುಗದೆ ಇನ್ನೇನಾಗುತ್ತದೆ?

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಬ್ಯಾಗ್ ತೆರೆದು ಎರಡೂ ಸ್ಟ್ರಿಪ್ ಮೇಜಿನ ಮೇಲಿಟ್ಟೆ. ಆಗಲೂ ನನ್ನ ಕಣ್ಣು ಅವಳ ಪೆನ್ನಿನ ಮೇಲೆಯೇ ಇತ್ತು. ಅವಳು ಏನೂ ಬರೆದುಕೊಳ್ಳಲಿಲ್ಲ.

"ಮೊದಲು ಅವರಿಗೆ ಫೋನ್ ಮಾಡಿ ಮೇಡಂ" ಎಂದಳು.

ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. "ನಾನು ಕೊಡೋ ಬಿಪಿ ಮಾತ್ರೆ, ಆ ಹೊಸ ಡಾಕ್ಟರು ಬರೆದಿದ್ದು, ಎರಡೂ ಒಂದೇ ಔಷಧಿ ಕಣಕ್ಕಾ. ರೆಡಿಯಾಗಿರು, ಈಗಲೇ ಬರ್ತೀನಿ. ಇವತ್ತೇ ಡಾಕ್ಟರಿಗೆ ತೋರಿಸೋಣ."

ಅಕ್ಕ ನಕ್ಕಳು.

"ಅದಕ್ಯಾಕೆ ಇಷ್ಟು ಗಾಬರಿ? ಆ ಡಾಕ್ಟರ ಮೇಲೆ ನನಗೆ ಮೊದಲಿಂದಾನೂ ಅನುಮಾನ. ಅವರದ್ದು ಬಿಟ್ಬಿಡ್ತೀನಿ. ನೀನು ಕೊಟ್ಟಿದ್ದು ಮಾತ್ರ ತಗೋತೀನಿ."